ಅಳತೆಯಕ್ಕನ ಗದ್ದ

ಅಳತೆಯಕ್ಕನ ಮುಖಕ್ಕೂ ಗಿರಾಕಿಯ ಮುಖಕ್ಕೂ ನಡುವೆ ಒಂದೂವರೆ ಗೇಣು ಜಾಗ. ಅದಕ್ಕಿಂತ ದೂರ ಕೂತರೆ ಅಳತೆ ಸರಿಯಾಗಿ ಕಾಣುವುದಿಲ್ಲ, ಹತ್ತಿರ ಕೂತರೆ ಗಿರಾಕಿಗೆ ಮುಜುಗರ. ಹದಿನಾರು ವರ್ಷದಿಂದ ಕನ್ನಡಕದ ಅಂಗಡಿಯ ಮುಂದಿನ ಮೇಜಿನಲ್ಲಿ ಅವಳದು ಅದೇ ಕೆಲಸ. ಕಣ್ಣು ಪರೀಕ್ಷೆ ಮಾಡಿ ನಂಬರು ಬರೆದುಕೊಡುವವರು ಬೇರೆ. ಆ ಚೀಟಿ ಹಿಡಿದು ಬಂದವರನ್ನು ಎದುರಿಗೆ ಕೂರಿಸಿಕೊಂಡು, ಒಂದು ಕಣ್ಣಿನ ಪಾಪೆಯಿಂದ ಇನ್ನೊಂದು ಕಣ್ಣಿನ ಪಾಪೆಗೆ ಎಷ್ಟು ದೂರ ಎಂದು ಪುಟ್ಟ ಅಳತೆಪಟ್ಟಿಯಲ್ಲಿ ನೋಡುವುದು, ಫ್ರೇಮಿನ ಕಡ್ಡಿಗಳನ್ನು ಬಿಸಿ ಮರಳಿನಲ್ಲಿ ಮೆತ್ತಗೆ ಮಾಡಿ ಅವರವರ ಕಿವಿಗೆ ತಕ್ಕಂತೆ ಬಗ್ಗಿಸುವುದು ಇವಳ ಪಾಲು. ಪಾಪೆಯ ದೂರ ಎರಡು ಮೂರು ಮಿಲಿಮೀಟರು ತಪ್ಪಿದರೂ ಹಾಕಿಕೊಂಡವರಿಗೆ ತಲೆನೋವು ಶುರು. ಅಳತೆಯಕ್ಕನ ಕೈಯಲ್ಲಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

"ನನ್ನ ಎಡಗಣ್ಣು ನೋಡಿ," ಎನ್ನುವಳು. "ಈಗ ಬಲಗಣ್ಣು ನೋಡಿ. ಆಯ್ತು, ಏಳಿ."

ಇನ್ನೂ ಸರಿಯಾಗಿ ಕೂತೇ ಇಲ್ಲವಲ್ಲ ಎಂದು ಗಿರಾಕಿ ಕಣ್ಣು ಬಿಡುವಷ್ಟರಲ್ಲಿ ಇವಳು ಚೀಟಿಯ ಮೇಲೆ ಅಂಕಿ ಬರೆದಾಗಿರುತ್ತಿತ್ತು. ದೊಡ್ಡ ಫ್ರೇಮಿಗೆ ಆಸೆಪಟ್ಟ ಸಣ್ಣ ಮುಖದವರಿಗೆ, "ಮೂಗಿಗಿಂತ ಮೂಗುತಿ ಭಾರ ಆಗುತ್ತೆ, ಅದು ಬೇಡ," ಎಂದು ಅವರ ಕೈಯಿಂದಲೇ ಕಿತ್ತಿಡುವಳು. ಯಜಮಾನರಿಗೆ ಒಮ್ಮೊಮ್ಮೆ ಕಸಿವಿಸಿಯಾದರೂ, ಅವಳು ಕೂರಿಸಿದ ಕನ್ನಡಕ ಮೂಗಿನಿಂದ ಜಾರುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದರಿಂದ ಸುಮ್ಮನಿರುತ್ತಿದ್ದರು.

ನಲವತ್ತು ದಾಟಿದ ಮೇಲೆ ಅವಳ ಗದ್ದದಲ್ಲಿ ಕೂದಲು ಕಾಣಿಸಿಕೊಂಡವು. ಎಣಿಸಿದರೆ ಹನ್ನೊಂದು. ಕಪ್ಪಗೆ, ದಪ್ಪಗೆ, ಬ್ರಷ್ಷಿನ ಎಳೆಯ ಹಾಗೆ. ಬೆಳಿಗ್ಗೆ ಎದ್ದು ಚಿಮುಟದಲ್ಲಿ ಕೀಳುವಳು, ಮೂರು ದಿನಕ್ಕೆ ಮತ್ತೆ ಮೊಳೆಯುತ್ತಿದ್ದವು.

"ನನಗೂ ಇದೆ, ನಮ್ಮತ್ತೆಗೂ ಇತ್ತು," ಎಂದು ಅವಳ ಅತ್ತೆ ತಮ್ಮ ಗದ್ದ ಸವರಿಕೊಂಡು ಹೇಳಿದರು. "ನೀನು ಹೊರಗಿಂದ ಬಂದವಳು, ಆದ್ರೂ ನಮ್ಮ ಮನೆ ಗಡ್ಡ ನಿನಗೂ ಹತ್ತಿತು ನೋಡು! ಈಗ ನೀನು ಪೂರ್ತಿ ಈ ಮನೆಯವಳಾದೆ."

ಗಂಡ ನಲ್ಲಿ ರಿಪೇರಿ ಮಾಡುವವನು. ಅವನಂತೂ ಹನ್ನೊಂದು ಕೂದಲನ್ನು ಗಮನಿಸಿರಲೇ ಇಲ್ಲ. ಆದರೆ ಒಂದೂವರೆ ಗೇಣಿನ ದೂರದಲ್ಲಿ ಊರವರಿಗೆಲ್ಲ ಮುಖ ಕೊಟ್ಟು ಕೂರುವವಳಿಗೆ ಅದು ಸಣ್ಣ ವಿಷಯವಲ್ಲ. ಹೊಸ ಕನ್ನಡಕ ಹಾಕಿಕೊಂಡವರು ಮೊದಲು ನೋಡುವುದು ಎದುರಿಗೆ ಕೂತ ಇವಳನ್ನೇ ತಾನೆ!

ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಬ್ಯೂಟಿ ಪಾರ್ಲರು ಇತ್ತು. ಅದರ ಬಾಗಿಲಲ್ಲಿ, ಕರೆಂಟಿನ ಸೂಜಿಯಿಂದ ಬೇಡದ ಕೂದಲು ಶಾಶ್ವತವಾಗಿ ತೆಗೆಯಲಾಗುವುದು ಎಂದು ಹೊಸದಾಗಿ ಬರೆದಿದ್ದರು. ಕೂದಲ ಪಕ್ಕದಲ್ಲೇ ಕೂದಲಷ್ಟು ತೆಳುವಾದ ಸೂಜಿಯನ್ನು ಬೇರಿನವರೆಗೆ ಇಳಿಸಿ, ಕ್ಷಣಕಾಲ ಸಣ್ಣಗೆ ಕರೆಂಟು ಬಿಟ್ಟರೆ ಬೇರು ಸುಟ್ಟುಹೋಗುತ್ತದೆ, ಮತ್ತೆ ಹುಟ್ಟುವುದಿಲ್ಲ. ಕೆಲಸ ತಿಳಿದವರು ಮಾಡಿದರೆ ಕೂದಲು ಎಳೆಯದೆಯೇ ಜಾರಿ ಬರುತ್ತದೆ, ಒಂದೆರಡು ದಿನ ಕೆಂಪಗಿದ್ದು ಮಾಯುತ್ತದೆ. ಇದನ್ನೆಲ್ಲ ಅಳತೆಯಕ್ಕ ತಿಳಿದದ್ದು ಕೆಟ್ಟ ಮೇಲೆ.

ಮೊದಲ ದಿನ ಪಾರ್ಲರಿನವಳು ಫೋನಿನಲ್ಲಿ ಬಂದ ಏನನ್ನೋ ಓದಲು ಕೈಯನ್ನು ಪೂರ್ತಿ ಚಾಚಿ, ತಲೆ ಹಿಂದಕ್ಕೆ ಮಾಡಿ ಕಣ್ಣು ಕಿರಿದು ಮಾಡಿದಳು. ಅಳತೆಯಕ್ಕ ಮಲಗಿದ ಕುರ್ಚಿಯಿಂದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದಳು: ಹತ್ತಿರದ ನಂಬರು ಎರಡು ಇರಲೇಬೇಕು.

"ಕೆಲಸಕ್ಕೆ ಭೂತಗನ್ನಡಿ ಏನಾದ್ರೂ ಹಾಕ್ಕೋತೀಯೇನಮ್ಮ?" ಎಂದು ಕೇಳಿದಳು.

"ನನಗ್ಯಾಕೆ ಅಕ್ಕ? ನನ್ನದು ಹದ್ದಿನ ಕಣ್ಣು," ಎಂದಳು ಅವಳು.

ಹದ್ದಿಗೆ ದೂರದ್ದು ಕಾಣುತ್ತದೆ, ಗದ್ದದ ಕೂದಲು ಕಾಣುತ್ತದೆಯೇ ಎಂದು ಕೇಳುವುದು ಅಳತೆಯಕ್ಕನ ನಾಲಿಗೆಯ ತುದಿವರೆಗೂ ಬಂತು. ಬೇರೆಯವರ ಕಸುಬಿನಲ್ಲಿ ಮೂಗು ತೂರಿಸಬಾರದು ಎಂದು ನುಂಗಿಕೊಂಡಳು. ಊರಿಗೆಲ್ಲ ಕನ್ನಡಕ ಹಾಕಿಸಿದವಳು ಕನ್ನಡಕ ಬೇಕಾದವಳ ಸೂಜಿಗೆ ತಾನೇ ಮುಖ ಒಡ್ಡಿದಳು.

ಸೂಜಿ ಬೇರಿನ ಪಕ್ಕಕ್ಕೆ ಹೋಗದೆ ಅಡ್ಡಾದಿಡ್ಡಿ ಹೋಯಿತು. ಸಿಗದಿದ್ದಾಗ ಅದೇ ಜಾಗಕ್ಕೆ ಎರಡು ಸಲ, ಮೂರು ಸಲ ಚುಚ್ಚಿ, ಕರೆಂಟು ಹೆಚ್ಚಿಸಿ, ಕೊನೆಗೆ ಕೂದಲನ್ನು ಎಳೆದೇ ಕಿತ್ತಳು. ಚರ್ಮ ಬೆಳ್ಳಗಾಗಿ ಉಬ್ಬಿತು. ಅದು ಮಾಯುವ ಮೊದಲೇ ಮುಂದಿನ ವಾರ ಮತ್ತೊಂದು ಸಲ, ಅದರ ಮುಂದಿನ ವಾರ ಇನ್ನೊಂದು ಸಲ. "ಸ್ವಲ್ಪ ಉರಿಯುತ್ತೆ ಅಕ್ಕ, ಚೆಂದ ಬೇಕು ಅಂದ್ರೆ ತಡ್ಕೋಬೇಕು," ಎಂದಳು. ಅಳತೆಯಕ್ಕ ತಡೆದುಕೊಂಡಳು. ಹಕ್ಕಳೆ ಕಟ್ಟಿತು, ಉದುರಿತು. ಉದುರಿದ ಮೇಲೆ ನೋಡಿದರೆ ಗದ್ದದಲ್ಲಿ ಒಂಬತ್ತು ಕುಳಿ, ಕುಳಿಯ ಸುತ್ತ ಕಂದು ಕಲೆ, ದವಡೆಯ ಅಂಚಿನಲ್ಲಿ ಕಡಲೆಕಾಳಿನ ಅರ್ಧದಷ್ಟು ಗಟ್ಟಿ ಗಂಟು. ಹನ್ನೊಂದು ಕೂದಲಲ್ಲಿ ಸತ್ತದ್ದು ನಾಲ್ಕು.

"ನಾನು ಸೋರೋ ನಲ್ಲಿ ಬಿಗಿ ಮಾಡೋಕೆ ಹೋಗಿ ಪೈಪೇ ಒಡೆದರೆ ನೀನು ಬಯ್ತಿದ್ದೆ," ಎಂದ ಗಂಡ. ಹೆಂಡತಿಯ ಮುಖ ನೋಡಿ, ಇದು ತಮಾಷೆಯ ಹೊತ್ತಲ್ಲ ಎಂದು ತಿಳಿದು, ಅವಳ ಪಾಲಿನ ಪಾತ್ರೆಯನ್ನೂ ತಾನೇ ತೊಳೆದಿಟ್ಟ.

ಆಮೇಲೆ ಅಂಗಡಿಯಲ್ಲಿ ಆಗಬಾರದ್ದು ಆಯಿತು. ಒಂದೇ ವಾರದಲ್ಲಿ ಮೂರು ಕನ್ನಡಕ ವಾಪಸ್ಸು ಬಂದವು. ಮೂರೂ ಅಳತೆಯಕ್ಕ ಅಳೆದದ್ದು. ಯಜಮಾನರು ಅವುಗಳನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ತಂದರು.

"ಏನಮ್ಮ ಇದು? ನಿನ್ನ ಕೈ ಯಾವತ್ತೂ ತಪ್ಪಿದ್ದಿಲ್ಲವಲ್ಲ."

"ನನ್ನ ಕೈ ತಪ್ಪಿಲ್ಲ, ಅವರ ಕಣ್ಣು ತಪ್ಪಿದೆ," ಎಂದಳು ಅಳತೆಯಕ್ಕ. ಅವಳಿಗೆ ಎರಡು ದಿನದ ಹಿಂದೆಯೇ ತಿಳಿದಿತ್ತು. "ಎಡಗಣ್ಣು ನೋಡಿ ಅಂದ್ರೆ ಗದ್ದ ನೋಡ್ತಾರೆ. ನೋಡಿದ್ದು ನನಗೆ ಗೊತ್ತಾಯ್ತು ಅಂತ ನಾಚಿಕೊಂಡು ಸೂರು ನೋಡ್ತಾರೆ, ಬಾಗಿಲು ನೋಡ್ತಾರೆ. ಪಾಪೆ ಒಂದು ಕಡೆ ನಿಲ್ಲದಿದ್ರೆ ಅಳೆಯೋದು ಹೇಗೆ?"

ಯಜಮಾನರು ಒಳ್ಳೆಯವರು, ಆದರೆ ಅಂಗಡಿ ಇಟ್ಟವರು. ತಲೆ ಕೆರೆದುಕೊಂಡರು. "ಹಾಗಾದ್ರೆ ಒಂದು ಕೆಲಸ ಮಾಡು. ಮುಖ ವಾಸಿ ಆಗೋವರೆಗೂ ಒಳಗಿನ ಕೋಣೇಲಿ ಕೂತು ಫ್ರೇಮು ರಿಪೇರಿ ನೋಡ್ಕೋ. ಮುಂದೆ ನನ್ನ ಭಾವಮೈದ ಕೂರಲಿ. ಅವನೂ ಕಲೀತಾನೆ. ಕಲಿತುಬಿಟ್ರೆ..."

ಮಾತು ಅಲ್ಲಿಗೆ ನಿಲ್ಲಿಸಿದರು. ಮಿಕ್ಕದ್ದನ್ನು ಅಳತೆಯಕ್ಕ ತಾನೇ ತುಂಬಿಕೊಂಡಳು: ಕಲಿತುಬಿಟ್ಟರೆ ಆ ಕುರ್ಚಿ ಅವನದು.

"ಕೂರಲಿ," ಎಂದಳು. "ಆದ್ರೆ ಕುರ್ಚಿಯ ಎತ್ತರ ಬದಲಾಯಿಸಬೇಡಿ ಅಂತ ಹೇಳಿ. ನಾನು ವಾಪಸ್ ಬಂದಾಗ ಮತ್ತೆ ತಿರುಗಿಸ್ತಾ ಕೂರೋಕೆ ಆಗಲ್ಲ."

ಒಳಗಿನ ಕೋಣೆಯಲ್ಲಿ ಪಾಲೀಶಜ್ಜ ಇದ್ದರು. ಲೆನ್ಸುಗಳನ್ನು ಫ್ರೇಮಿನ ಆಕಾರಕ್ಕೆ ಉಜ್ಜುವವರು. ಗಾಜಿನ ಲೆನ್ಸಿನ ಮೇಲೆ ಗೀರು ಬಿದ್ದರೆ ನಸುಗೆಂಪು ಪುಡಿಯನ್ನು ನೀರಲ್ಲಿ ಕಲಸಿ, ಉಣ್ಣೆಯ ಬಿಲ್ಲೆಗೆ ಹಚ್ಚಿ, ನಿಧಾನವಾಗಿ ತಿರುಗಿಸಿ ಗೀರು ಅಳಿಸುವುದರಲ್ಲಿ ಅವರದು ಎತ್ತಿದ ಕೈ. ಅಳತೆಯಕ್ಕ ಅವರ ಪಕ್ಕದಲ್ಲೇ ಕೂತು ದಿನವೂ ನೋಡಿದಳು. ಗೀರು ಅಳಿಯುವುದಲ್ಲ, ಗೀರಿನ ಸುತ್ತಲಿನ ಗಾಜು ಸವೆದು ಗೀರಿನ ಮಟ್ಟಕ್ಕೆ ಇಳಿಯುತ್ತದೆ ಎಂದು ಅಜ್ಜ ವಿವರಿಸಿದರು.

"ಹಾಗಾದ್ರೆ ಕುಳಿಯ ಅಂಚು ಸವೆಸಿದ್ರೆ ಕುಳಿ ಕಾಣಲ್ಲ," ಎಂದಳು ಅವಳು.

"ಗಾಜಿನ ವಿಷಯ ತಾನೆ?" ಎಂದರು ಅಜ್ಜ.

ಅಳತೆಯಕ್ಕ ಹೂಂ ಎಂದಳು. ಭಾನುವಾರ ಬೆಳಿಗ್ಗೆ, ಅಜ್ಜನ ಡಬ್ಬಿಯಿಂದ ತಂದಿದ್ದ ಒಂದು ಚಿಟಿಕೆ ನಸುಗೆಂಪು ಪುಡಿಯನ್ನು ಮನೆಯಲ್ಲಿ ನೀರಿಗೆ ಕಲಸಿದಳು. ಗುಂಡಗೆ ಕತ್ತರಿಸಿದ ಉಣ್ಣೆಯ ಚೂರನ್ನು ಬೆರಳಿಗೆ ಸುತ್ತಿಕೊಂಡಳು. ಕನ್ನಡಿಯ ಮುಂದೆ ಗಡಿಯಾರ ಇಟ್ಟುಕೊಂಡು, ಒಂದೊಂದು ಕುಳಿಯ ಸುತ್ತ ಎರಡೆರಡು ನಿಮಿಷ ಉಜ್ಜಿದಳು. ಮೊದಲು ಕೆಂಪಾಯಿತು, ಆಮೇಲೆ ಹಸಿಯಾಯಿತು, ಸಂಜೆಗೆ ನೀರು ಒಸರಿತು. ಹದಿನೈದು ದಿನಕ್ಕೆ ಕಂದು ಕಲೆಗಳೆಲ್ಲ ಒಂದಕ್ಕೊಂದು ಕೂಡಿ, ಚಹಾ ಚೆಲ್ಲಿದ ಹಾಗೆ ಒಂದೇ ಕಲೆಯಾದವು. ಕುಳಿಗಳು ಇದ್ದಲ್ಲೇ ಇದ್ದವು.

ಅತ್ತೆ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಮುಖ ಏನು ಬಾಣಲೆನಾ ತಿಕ್ಕೋಕೆ?"

"ಗಾಜಿಗೆ ಆಗುತ್ತಲ್ಲ ಅಂತ..."

"ಗಾಜು ಮಾಯಲ್ಲ ಕಣೇ, ಅದಕ್ಕೇ ತಿಕ್ಕಬೇಕು. ಚರ್ಮ ತಾನೇ ಮಾಯುತ್ತೆ, ಬಿಡಬೇಕು. ಇಷ್ಟು ವರ್ಷ ಬೇರೆಯವರ ಕಣ್ಣು ಅಳೆದೆ, ನಿನ್ನ ಬುದ್ಧಿ ಯಾವಾಗ ಅಳೀತೀಯ? ನಡಿ ಡಾಕ್ಟರ ಹತ್ತಿರ. ನಾನೂ ಬರ್ತೀನಿ."

ಚರ್ಮದ ಡಾಕ್ಟರಮ್ಮನ ಕೋಣೆ ಮೂರನೇ ಮಹಡಿಯಲ್ಲಿತ್ತು. ಅತ್ತೆ ಪ್ರತಿ ತಿರುವಿನಲ್ಲೂ ನಿಂತು, "ಚರ್ಮ ನೋಡೋರಿಗೆ ಮಂಡಿ ನೋವಿನ ಗೊಡವೆ ಇಲ್ಲ," ಎಂದು ಗೊಣಗುತ್ತಾ ಹತ್ತಿದರು. ಡಾಕ್ಟರಮ್ಮ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ದೀಪ ಎಳೆದುಕೊಂಡು, ದೊಡ್ಡ ಭೂತಗನ್ನಡಿ ಹಿಡಿದು, ಅಳತೆಯಕ್ಕನ ಗದ್ದವನ್ನು ಮೂರು ನಿಮಿಷ ನೋಡಿದರು. ಕದ್ದು ನೋಡಲಿಲ್ಲ, ಕಣ್ಣು ತಪ್ಪಿಸಲಿಲ್ಲ. ನೋಡಿ ಮುಗಿದ ಮೇಲೆ ನೇರವಾಗಿ ಅವಳ ಕಣ್ಣು ನೋಡಿದರು. ಮೂರು ತಿಂಗಳಲ್ಲಿ ಮನೆಯವರಲ್ಲದ ಒಬ್ಬರು ಹಾಗೆ ನೋಡಿದ್ದು ಅದೇ ಮೊದಲು ಎಂದು ಅಳತೆಯಕ್ಕನಿಗೆ ಹೊಳೆಯಿತು. ಪೂರ್ತಿ ನೋಡಿದವರು ಮತ್ತೆ ಗದ್ದಕ್ಕೆ ಕಣ್ಣು ಜಾರಿಸುವುದಿಲ್ಲ ಎಂಬುದನ್ನೂ ಅವಳು ಗಮನಿಸಿದಳು.

"ಎಷ್ಟು ಸಲ ಮಾಡಿಸಿದ್ರಿ?"

"ಮೂರು. ವಾರಕ್ಕೊಂದು."

"ಆಮೇಲೆ ಏನು ಹಚ್ಚಿದ್ರಿ?"

ಅಳತೆಯಕ್ಕ ಉತ್ತರಿಸುವ ಮೊದಲೇ ಅತ್ತೆ ಬಾಯಿ ಹಾಕಿದರು: "ಕನ್ನಡಕ ತಿಕ್ಕೋ ಪುಡಿ ಹಾಕಿ ತಿಕ್ಕಿದ್ಲು ಡಾಕ್ಟರೇ. ಗಡಿಯಾರ ಇಟ್ಕೊಂಡು."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ನಗಲಿಲ್ಲ, ಆದರೆ ತುಟಿ ಒಂದು ಕಡೆಗೆ ಹೋಯಿತು. "ಇಪ್ಪತ್ತು ವರ್ಷದಲ್ಲಿ ನಿಂಬೆಹಣ್ಣು ನೋಡಿದ್ದೀನಿ, ಟೂತ್‌ಪೇಸ್ಟು ನೋಡಿದ್ದೀನಿ. ಇದು ಹೊಸದು."

ಆಮೇಲೆ ಒಂದೊಂದಾಗಿ ತಿಳಿಸಿದರು. ಇಲ್ಲಿರುವುದು ಮೂರು ಬಗೆಯ ತೊಂದರೆ, ಮೂರಕ್ಕೂ ಬೇರೆ ಬೇರೆ ದಾರಿ. ಕಂದು ಕಲೆ ಚರ್ಮದ ಬಣ್ಣದ್ದು. ಬಿಸಿಲು ಬೀಳದಂತೆ ನೋಡಿಕೊಂಡು, ಕೊಟ್ಟ ಮುಲಾಮು ಹಚ್ಚಿದರೆ ತಿಂಗಳುಗಟ್ಟಲೆಯಲ್ಲಿ ತಿಳಿಯಾಗುತ್ತದೆ. ಗಂಟು ಎಂದರೆ ಮಾಯುವಾಗ ಚರ್ಮ ಬೇಕಾದ್ದಕ್ಕಿಂತ ಹೆಚ್ಚು ಬೆಳೆದದ್ದು. ಅದರೊಳಗೇ ತಿಂಗಳಿಗೊಂದು ಸಣ್ಣ ಇಂಜೆಕ್ಷನ್ನು ಕೊಟ್ಟರೆ ಕುಗ್ಗುತ್ತದೆ. ಕುಳಿ ಎಂದರೆ ಒಳಗಿನ ಮಾಂಸ ಕಳೆದುಹೋದದ್ದು. ಅದು ಮುಲಾಮಿಗೆ ತುಂಬುವುದಿಲ್ಲ. ಕುಳಿಯ ತಳಕ್ಕೆ ಮಾತ್ರ ತಾಗುವಂತೆ ಹಲ್ಲುಕಡ್ಡಿಯ ಮೊನೆಯಿಂದ ಆಸಿಡ್ಡು ಮುಟ್ಟಿಸಬೇಕು. ತಳ ಸುಟ್ಟು, ಹೊಸ ಮಾಂಸ ಕೆಳಗಿನಿಂದ ಬೆಳೆದು ಕುಳಿ ಮೇಲೇಳುತ್ತದೆ.

"ಪೂರ್ತಿ ಹೋಗುತ್ತಾ?" ಎಂದು ಅಳತೆಯಕ್ಕ ಕೇಳಿದಳು.

"ಇಲ್ಲ. ಪೂರ್ತಿ ಹೋಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರ ಹತ್ತಿರ ಹೋಗಬೇಡಿ. ಹತ್ತರಲ್ಲಿ ಆರು ಪಾಲು, ಚೆನ್ನಾಗಿ ನೋಡ್ಕೊಂಡ್ರೆ ಏಳು. ಒಂದು ವರ್ಷ ಹಿಡಿಯುತ್ತೆ."

ಆ ಮಾತು ಕೇಳಿ ಅಳತೆಯಕ್ಕನಿಗೆ ಧೈರ್ಯ ಕುಗ್ಗುವ ಬದಲು ಬಂತು. ಅಂಕಿ ಹೇಳಿದವರನ್ನು ಅವಳು ನಂಬುತ್ತಿದ್ದಳು.

ಆರು ವಾರ ಬರೀ ಮುಲಾಮು. ಬೆಳಿಗ್ಗೆ ಬಿಸಿಲು ತಡೆಯುವ ಕ್ರೀಮು, ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಿಟಕಿಯ ಗಾಜಿನ ಮೂಲಕವೂ ಚರ್ಮ ಕಪ್ಪು ಮಾಡುವ ಬೆಳಕು ಬರುತ್ತದೆಂದು ಡಾಕ್ಟರಮ್ಮ ಹೇಳಿದ್ದರಿಂದ ಒಳಗಿನ ಕೋಣೆಯಲ್ಲೂ ಬಿಡಲಿಲ್ಲ. ಪಾಲೀಶಜ್ಜ ಪುಡಿಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲಮ್ಮ," ಎಂದರು, "ಭಾನುವಾರದ ಮೇಲೆ ನಂಬಿಕೆ ಇಲ್ಲ."

ಈ ನಡುವೆ ಒಂದು ದಿನ ಅವಳು ಪಾರ್ಲರಿಗೂ ಹೋದಳು. ಜಗಳಕ್ಕಲ್ಲ. ಓದುವ ಅಕ್ಷರಗಳು ಸಾಲುಸಾಲಾಗಿ ಸಣ್ಣದಾಗುತ್ತಾ ಹೋಗುವ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಹೋದಳು.

"ಓದು," ಎಂದು ಪಾರ್ಲರಿನವಳ ಕೈಗೆ ಕೊಟ್ಟಳು. ಅವಳು ಕೈ ಚಾಚಿದಳು. ಅಳತೆಯಕ್ಕ ಆ ಕೈಯನ್ನು ಹಿಡಿದು ಹತ್ತಿರ ತಂದಳು. "ಇಲ್ಲಿ ಹಿಡಿದು ಓದು. ನನ್ನ ಗದ್ದ ಇಷ್ಟೇ ದೂರದಲ್ಲಿತ್ತು."

ಪಾರ್ಲರಿನವಳು ಮೂರನೆಯ ಸಾಲು ದಾಟಲಿಲ್ಲ. ಬಾಯಿಗೆ ಕೈ ಹಿಡಿದಳು. "ಅಕ್ಕ, ನನಗೆ ಗೊತ್ತೇ ಆಗಲಿಲ್ಲ. ಎರಡು ವಾರದ ಕ್ಲಾಸು ಮಾಡಿದ್ದೆ, ಸರ್ಟಿಫಿಕೇಟೂ ಇದೆ..."

"ಸರ್ಟಿಫಿಕೇಟು ಗೋಡೆಗೆ ಇರಲಿ, ಕನ್ನಡಕ ಮೂಗಿಗೆ ಬರಲಿ. ಕೆಲಸ ಸರಿಯಾಗಿ ಕಲಿಯೋವರೆಗೂ ಆ ಸೂಜಿ ಯಾರ ಮುಖಕ್ಕೂ ತಾಗಿಸಬೇಡ. ನನ್ನ ಗದ್ದ ನೋಡಿ ನೆನಪಿಟ್ಕೋ, ನೋಡು, ಹತ್ತಿರ ಬಾ."

ಮಾರನೆಯ ದಿನ ಬಾಗಿಲ ಮೇಲಿನ ಬರಹವನ್ನು ಪಾರ್ಲರಿನವಳೇ ಕೆರೆದು ತೆಗೆದಳು. ಆ ವಾರವೇ ಕನ್ನಡಕಕ್ಕೂ ಬಂದಳು. ನಂಬರು ಎರಡೇ ಇತ್ತು.

ಆರು ವಾರ ಕಳೆದ ಮೇಲೆ ಡಾಕ್ಟರಮ್ಮ ಆಸಿಡ್ಡಿನ ಕೆಲಸಕ್ಕೆ ಕರೆದರು. ಮೊದಲು ಒಂದೇ ಕುಳಿಗೆ, ಗದ್ದದ ಅಡಿಯಲ್ಲಿ ಯಾರಿಗೂ ಕಾಣದ ಜಾಗದ್ದಕ್ಕೆ, ಪರೀಕ್ಷೆಗೆಂದು. ಅಳತೆಯಕ್ಕ ಮಲಗಿದಳು. ಡಾಕ್ಟರಮ್ಮ ಹಲ್ಲುಕಡ್ಡಿಯನ್ನು ಆಸಿಡ್ಡಿನಲ್ಲಿ ಅದ್ದಿ ಬಗ್ಗಿದರು. ಬಗ್ಗಿದ ಕೂಡಲೇ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಮಣಿಕಟ್ಟಿನಿಂದ ಮೇಲಕ್ಕೆ ತಳ್ಳಿಕೊಂಡು ಮತ್ತೆ ಬಗ್ಗಿದರು. ಮತ್ತೆ ಜಾರಿತು.

ಅಳತೆಯಕ್ಕ ಎದ್ದು ಕೂತಳು. ಮಾತು ನುಂಗಿಕೊಂಡು ಒಮ್ಮೆ ಪಟ್ಟದ್ದು ಸಾಕಾಗಿತ್ತು.

"ಡಾಕ್ಟರೇ, ಆ ಕಡ್ಡಿ ಕೆಳಗಿಡಿ. ಕನ್ನಡಕ ಕೊಡಿ ಇಲ್ಲಿ."

"ಏನಾಯ್ತು?"

"ಜಾರೋ ಕನ್ನಡಕದಲ್ಲಿ ನನ್ನ ಮುಖಕ್ಕೆ ಆಸಿಡ್ಡು ಬೇಡ. ಕೋಪ ಮಾಡ್ಕೋಬೇಡಿ. ಐದು ನಿಮಿಷದ ಕೆಲಸ."

ಬಾಗಿಲ ಬಳಿ ಕೂತಿದ್ದ ಅತ್ತೆ, "ಅಯ್ಯೋ, ಡಾಕ್ಟರಿಗೇ ಆಪರೇಷನ್ನು!" ಎಂದರು. ಡಾಕ್ಟರಮ್ಮ ಒಂದು ಗಳಿಗೆ ನೋಡಿ, ಕನ್ನಡಕ ತೆಗೆದುಕೊಟ್ಟರು. ಅಳತೆಯಕ್ಕ ಚೀಲದಿಂದ ಪುಟ್ಟ ಇಕ್ಕಳ ತೆಗೆದಳು. ಮೂಗಿನ ಮೇಲೆ ಕೂರುವ ಎರಡು ಪ್ಯಾಡುಗಳನ್ನು ಕೂದಲೆಳೆಯಷ್ಟು ಹತ್ತಿರ ತಂದಳು. ಬಿಸಿನೀರು ತರಿಸಿ, ಕಡ್ಡಿಯ ತುದಿಗಳನ್ನು ಅದ್ದಿ, ಕಿವಿಯ ಹಿಂದೆ ಒಂದಿಷ್ಟು ಕೆಳಕ್ಕೆ ಬಗ್ಗಿಸಿದಳು. ಎಡಗಿವಿ ಬಲಗಿವಿಗಿಂತ ಸ್ವಲ್ಪ ಮೇಲಿತ್ತು, ಅದಕ್ಕೆ ತಕ್ಕಂತೆ ತಿದ್ದಿದಳು. ತೊಡಿಸಿ, "ಬಗ್ಗಿ. ತಲೆ ಆಡಿಸಿ. ಇನ್ನೂ ಜೋರಾಗಿ," ಎಂದಳು. ಕನ್ನಡಕ ಮಿಸುಕಲಿಲ್ಲ.

"ಆರು ವರ್ಷದಿಂದ ಇದನ್ನ ತಳ್ಕೋತಾ ಇದ್ದೆ," ಎಂದರು ಡಾಕ್ಟರಮ್ಮ.

"ಈಗ ಕಡ್ಡಿ ಎತ್ಕೊಳ್ಳಿ," ಎಂದು ಅಳತೆಯಕ್ಕ ನಿರಾಳವಾಗಿ ಮಲಗಿದಳು.

ಮೊನೆ ತಾಗಿದಾಗ ಇರುವೆ ಕಚ್ಚಿದಂತೆ ಚುರುಕ್ ಎಂದಿತು. ಕುಳಿ ಹಿಟ್ಟು ಮೆತ್ತಿದಂತೆ ಬೆಳ್ಳಗಾಯಿತು. ಮಾರನೆಯ ದಿನ ಹಕ್ಕಳೆ, ಆರನೆಯ ದಿನ ತಾನೇ ಉದುರಿತು. ಕೀಳಬಾರದು ಎಂದಿದ್ದರು; ಅವಳು ಮುಟ್ಟಲಿಲ್ಲ. ಒಂದು ತಿಂಗಳು ಕಾದು ನೋಡಿದರೆ ಆ ಕುಳಿ ಅರ್ಧ ತುಂಬಿತ್ತು, ಸುತ್ತ ಹೊಸ ಕಲೆ ಬಿದ್ದಿರಲಿಲ್ಲ. ಆಮೇಲೆಯೇ ಡಾಕ್ಟರಮ್ಮ ಮಿಕ್ಕ ಎಂಟಕ್ಕೆ ಕೈ ಹಾಕಿದ್ದು. ಆರು ವಾರಕ್ಕೊಮ್ಮೆ ಒಂದು ಸಲ. ದವಡೆಯ ಗಂಟು ಮೂರು ಇಂಜೆಕ್ಷನ್ನಿಗೆ ಸಾಸಿವೆಯಷ್ಟಾಯಿತು. ಉಳಿದ ಏಳು ಕೂದಲನ್ನು ಸದ್ಯಕ್ಕೆ ಕೀಳುವುದೂ ಬೇಡ, ಕತ್ತರಿಯಲ್ಲಿ ಕತ್ತರಿಸಿದರೆ ಸಾಕು, ಚರ್ಮ ಗಟ್ಟಿಯಾದ ಮೇಲೆ ತಮ್ಮಲ್ಲೇ ತಿಳಿದವರಿಂದ ತೆಗೆಸೋಣ ಎಂದರು.

ಅಂಗಡಿಯಲ್ಲಿ ಭಾವಮೈದ ಕುರ್ಚಿಯಲ್ಲಿ ಕೂತೇ ಇದ್ದ. ಒಳ್ಳೆಯವನು, ಹುಡುಗಾಟದ ಮನುಷ್ಯ, ಸ್ಕೂಟರು ಓಡಿಸಿ ಮನೆಮನೆಗೆ ಕನ್ನಡಕ ತಲುಪಿಸುವುದರಲ್ಲಿ ಗಟ್ಟಿಗ. ಆದರೆ ಬೇರೆಯವರ ಕಿವಿ ಮುಟ್ಟುವುದೆಂದರೆ ಅವನಿಗೆ ಮೈ ಜುಮ್ಮೆನ್ನುತ್ತಿತ್ತು. ಅವನು ಕೂರಿಸಿದ ಕನ್ನಡಕಗಳು ಒಳಗಿನ ಕೋಣೆಗೆ ತಟ್ಟೆಯಲ್ಲಿ ಬರುತ್ತಿದ್ದವು: ಕಿವಿ ಕೊರೆಯುವವು, ಮೂಗು ಒತ್ತುವವು, ಒಂದು ಕಡೆ ವಾಲಿದವು. ಅಳತೆಯಕ್ಕ ಮುಖ ನೋಡದೆಯೇ, ಫ್ರೇಮಿನ ಸವೆತ ನೋಡಿ ತಿದ್ದುವಳು. ಅಳತೆಯೇ ತಪ್ಪಿದ್ದನ್ನು ಮಾತ್ರ ಏನೂ ಮಾಡುವ ಹಾಗಿರಲಿಲ್ಲ.

ಎಂಟು ತಿಂಗಳಾದ ಮೇಲೆ ಡಾಕ್ಟರಮ್ಮ ಮೊದಲ ದಿನದ ಫೋಟೋ ಪಕ್ಕದಲ್ಲಿಟ್ಟು ತೋರಿಸಿದರು. ಚಹಾ ಬಣ್ಣದ ಕಲೆ ಹೆಚ್ಚುಕಡಿಮೆ ಹೋಗಿತ್ತು. ಒಂಬತ್ತು ಕುಳಿಯಲ್ಲಿ ಐದು ಬೆಳಕನ್ನು ಓರೆಯಾಗಿ ಬಿಟ್ಟರೆ ಮಾತ್ರ ಕಾಣುತ್ತಿದ್ದವು, ಎರಡು ತುಸು ಕಾಣುತ್ತಿದ್ದವು, ಎರಡು ಇನ್ನೂ ಆಳವಾಗಿದ್ದವು.

"ಏಳು ಪಾಲಿಗೆ ಬಂದ್ವಿ," ಎಂದರು. "ಈ ಎರಡಕ್ಕೆ ಇನ್ನೊಂದೆರಡು ಸಲ ಮಾಡೋಣ. ಅದರಾಚೆಗೆ ನಾನು ಆಸೆ ಹುಟ್ಟಿಸಲ್ಲ."

"ಸಾಕು," ಎಂದಳು ಅಳತೆಯಕ್ಕ. "ಮಿಕ್ಕದ್ದು ನನ್ನ ಕೆಲಸ."

ಮಾರನೆಯ ಬೆಳಿಗ್ಗೆ ಅವಳು ಯಜಮಾನರ ಮುಂದೆ ನಿಂತಳು. "ನಾನು ಮುಂದೆ ಕೂರ್ತೀನಿ."

ಯಜಮಾನರು ಅವಳ ಮುಖ ನೋಡಿದರು, ಪಕ್ಕಕ್ಕೆ ನೋಡಿದರು. "ತುಂಬಾ ವಾಸಿ ಆಗಿದೆಯಮ್ಮ. ಪೂರ್ತಿ ಹೋಗಲಿ, ಆಮೇಲೆ..."

"ಪೂರ್ತಿ ಹೋಗಲ್ಲ. ಮೊದಲ ದಿನವೇ ಡಾಕ್ಟರಮ್ಮ ಹೇಳಿದ್ದಾರೆ. ಪೂರ್ತಿ ಹೋಗೋವರೆಗೂ ಅಂದ್ರೆ ನಾನು ಸಾಯೋವರೆಗೂ ಒಳಗೇ ಕೂರಬೇಕು. ಈಗ ನೀವು ಎಲ್ಲಿ ನೋಡ್ತಾ ಇದ್ದೀರಿ?"

"ಎಲ್ಲೂ ಇಲ್ಲ."

"ಬಾಗಿಲು ನೋಡ್ತಾ ಇದ್ದೀರಿ. ಹದಿನಾರು ವರ್ಷ ನೋಡಿದ ನೀವೇ ಹೀಗೆ ಮಾಡಿದ್ರೆ, ಗಿರಾಕಿ ಇನ್ನೇನು ಮಾಡಬೇಕು? ಸರಿಯಾಗಿ ನೋಡಿ ಒಂದ್ಸಲ. ಎಣಿಸಿ."

ಯಜಮಾನರು ಕೆಮ್ಮಿದರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ನಿವೃತ್ತ ಮೇಷ್ಟ್ರೊಬ್ಬರು ಬಂದರು. ಕೈಯಲ್ಲಿ ಕನ್ನಡಕದ ಡಬ್ಬಿ. ಅದೇ ಕನ್ನಡಕಕ್ಕೆ ಅವರು ಬಂದದ್ದು ಮೂರನೆಯ ಸಲ.

"ನೋಡಪ್ಪಾ," ಎಂದು ಭಾವಮೈದನ ಮುಂದೆ ಡಬ್ಬಿ ಕುಕ್ಕಿದರು. "ಇದನ್ನ ಹಾಕ್ಕೊಂಡ್ರೆ ನನಗೆ ಮೆಟ್ಟಿಲು ಎರಡೆರಡು ಕಾಣುತ್ತೆ. ಒಂದು ಮೆಟ್ಟಿಲು ಇಳಿಯೋಕೇ ಈ ವಯಸ್ಸಲ್ಲಿ ಕಷ್ಟ, ಇಲ್ಲದ ಮೆಟ್ಟಿಲನ್ನೂ ಇಳೀಬೇಕಾ?"

ಭಾವಮೈದ ಅಳತೆಪಟ್ಟಿ ಎತ್ತಿದ, ಮೇಷ್ಟ್ರ ಕಿವಿಯಿಂದ ಹೊರಬಂದಿದ್ದ ಬಿಳಿ ಕೂದಲಿನ ಗೊಂಚಲು ನೋಡಿದ, ಪಟ್ಟಿ ಕೆಳಗಿಟ್ಟ. ಅಳತೆಯಕ್ಕನ ಕಡೆ ತಿರುಗಿದ. "ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ಇದು ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ," ಎಂದು ಕುರ್ಚಿ ಬಿಟ್ಟು ಎದ್ದೇಬಿಟ್ಟ.

ಅಳತೆಯಕ್ಕ ಯಜಮಾನರ ಉತ್ತರಕ್ಕೆ ಕಾಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಮೇಜಿನ ದೀಪವನ್ನು ಗಿರಾಕಿಯ ಮೇಲಲ್ಲ, ತನ್ನ ಮುಖದ ಮೇಲೆ ತಿರುಗಿಸಿಕೊಂಡಳು.

"ಮೇಷ್ಟ್ರೇ, ಮೊದಲು ನನ್ನ ಗದ್ದ ನೋಡಿಬಿಡಿ. ನಾಚಿಕೊಳ್ಳಬೇಡಿ, ಚೆನ್ನಾಗಿ ನೋಡಿ. ಕರೆಂಟಿನ ಸೂಜೀಲಿ ಕೂದಲು ತೆಗೆಸೋಕೆ ಹೋಗಿ ಸುಟ್ಟಿದ್ದು. ಒಂಬತ್ತು ಕುಳಿ ಬಿದ್ದಿತ್ತು, ಚಿಕಿತ್ಸೆ ನಡೀತಾ ಇದೆ."

ಮೇಷ್ಟ್ರು ಹುಬ್ಬು ಏರಿಸಿ, ಹಳೆಯ ಕನ್ನಡಕ ಹಾಕಿಕೊಂಡು, ಹುಡುಗರ ಉತ್ತರ ಪತ್ರಿಕೆ ತಿದ್ದುವವರಂತೆ ನೋಡಿದರು. "ನನಗೆ ನಾಲ್ಕೇ ಕಾಣೋದು."

"ಹಾಗಾದ್ರೆ ಡಾಕ್ಟರಮ್ಮ ಪಾಸು. ನೋಡಿ ಆಯ್ತಾ?"

"ಆಯ್ತಮ್ಮ."

"ಈಗ ಕನ್ನಡಕ ತೆಗೀರಿ. ನನ್ನ ಎಡಗಣ್ಣು ನೋಡಿ."

ಮೇಷ್ಟ್ರು ನೋಡಿದರು. ಅವರ ಕಣ್ಣಿನ ಪಾಪೆ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿತು. ಗದ್ದಕ್ಕೂ ಇಳಿಯಲಿಲ್ಲ, ಸೂರಿಗೂ ಹಾರಲಿಲ್ಲ. ಅಲ್ಲಿ ನೋಡಬೇಕಾದದ್ದು ಇನ್ನೇನೂ ಉಳಿದಿರಲಿಲ್ಲ.

"ಬಲಗಣ್ಣು ನೋಡಿ. ಅರವತ್ತಮೂರೂವರೆ."

ಯಜಮಾನರು ಹಿಂದಿನಿಂದ ಬಂದು ಹಳೆಯ ಚೀಟಿ ತೆಗೆದು ನೋಡಿದರು. ಭಾವಮೈದ ಅರವತ್ತು ಎಂದು ಬರೆದಿದ್ದ. ತಾವೇ ಪಟ್ಟಿ ತೆಗೆದುಕೊಂಡು ಮೇಷ್ಟ್ರ ಮುಂದೆ ಬಗ್ಗಿ ಒಮ್ಮೆ ಅಳೆದರು. ಅರವತ್ತಮೂರೂವರೆಯೇ. ಪಟ್ಟಿಯನ್ನು ಅಳತೆಯಕ್ಕನ ಕೈಗೆ ಹಿಂದಿರುಗಿಸಿದರು. ಪಾಲೀಶಜ್ಜ ಅಂದೇ ಹೊಸ ಲೆನ್ಸು ಕತ್ತರಿಸಿದರು. ಮೂರನೆಯ ದಿನ ಮೇಷ್ಟ್ರು ಹೊಸ ಕನ್ನಡಕ ಹಾಕಿಕೊಂಡು ಅಂಗಡಿಯ ಮೆಟ್ಟಿಲನ್ನು ಮೂರು ಸಲ ಹತ್ತಿ ಇಳಿದು, "ಒಂದೇ ಕಾಣುತ್ತೆ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೋದರು.

ಕುರ್ಚಿ ಬಿಟ್ಟ ದಿನ ಭಾವಮೈದ ಸ್ಕೂಟರಿನ ಬೀಗದಕೈ ತಿರುಗಿಸುತ್ತಾ ಹೊರಗೆ ಹೋದವನು ಸಂಜೆವರೆಗೂ ಒಳಗೆ ಬರಲಿಲ್ಲ.

ಅಂದು ಅಂಗಡಿ ಮುಚ್ಚುವ ಹೊತ್ತಿಗೆ ಅಳತೆಯಕ್ಕ ಮರಳಿನ ತಟ್ಟೆ ಆರಿಸಿ, ಇಕ್ಕಳಗಳನ್ನು ಒರೆಸಿಟ್ಟು, ಯಜಮಾನರಿಗೆ ಹೇಳಿದಳು: "ಗುರುವಾರ ಮಧ್ಯಾಹ್ನ ನಾನು ಬರಲ್ಲ. ಡಾಕ್ಟರಮ್ಮನ ಹತ್ತಿರ ಇನ್ನೂ ಎರಡು ಕುಳಿ ಬಾಕಿ ಇದೆ."

"ಹೋಗಿ ಬಾ ತಾಯಿ. ಆ ಮಧ್ಯಾಹ್ನ ಯಾರನ್ನೂ ಅಳೆಯಲ್ಲ ಅಂತ ಬೋರ್ಡು ಹಾಕ್ತೀನಿ," ಎಂದರು ಯಜಮಾನರು, ಅವಳ ಮುಖವನ್ನೇ ನೋಡುತ್ತಾ.